ಸದ್ದಿಲ್ಲದ ಗಾಡಿಗೆ ಕಟ್ಟಿದ ಗಂಟೆ

ನಮ್ಮ ಬೀದಿಗೆ ಯಾವ ಗಾಡಿ ಬರುತ್ತಿದೆ, ಅದರಲ್ಲಿ ಹೊರೆ ಎಷ್ಟಿದೆ, ಓಡಿಸುವವನಿಗೆ ಹಸಿವಾಗಿದೆಯೋ ಇಲ್ಲವೋ, ಇಷ್ಟನ್ನೂ ಗೋಡೆಯ ಈಚೆ ಕೂತೇ ಹೇಳುವವನೊಬ್ಬನಿದ್ದ. ಅವನು ನನ್ನ ದೊಡ್ಡಳಿಯ. ಬೆಳಗ್ಗೆ ಚಹಾದ ಲೋಟ ಹಿಡಿದು ಕೂತಾಗ ಬೀದಿಯ ಕೊನೆಯಲ್ಲಿ ಏನಾದರೂ ಗುರುಗುಟ್ಟಿದರೆ ಸಾಕು, “ಬೇಕರಿಯವನು. ಕ್ಲಚ್ ಮೇಲೆ ಕಾಲಿಟ್ಟುಕೊಂಡೇ ಬರ್ತಾನೆ,” ಎನ್ನುತ್ತಿದ್ದ. ಎದ್ದು ನೋಡಿದರೆ ಬೇಕರಿಯವನೇ.

ಅವನ ಕಸುಬು ಸಾಮಾನು ಸಾಗಿಸುವುದು. ಒಂದು ಹಳೆಯ ಡೀಸೆಲ್ ಪಿಕಪ್ ಇತ್ತು, ಅದನ್ನು ಆನೆ ಎಂದು ಕರೆಯುತ್ತಿದ್ದ. ಬೆಳಗ್ಗೆ ಅದನ್ನು ಎಬ್ಬಿಸುವಾಗ ಮೂರು ಮನೆಯ ಕಿಟಕಿಗಳು ನಡುಗುತ್ತಿದ್ದವು. ಯಾರೂ ಬೈಯುತ್ತಿರಲಿಲ್ಲ, ಏಕೆಂದರೆ ಮನೆ ಬದಲಾಯಿಸುವಾಗ, ಬೀರು ಕೊಂಡಾಗ, ಕೆಟ್ಟ ಫ್ರಿಜ್ಜನ್ನು ರಿಪೇರಿಗೆ ಒಯ್ಯುವಾಗ ಎಲ್ಲರಿಗೂ ಅವನೇ ಬೇಕು. ಗಾಡಿಗಿಂತ ಹೆಚ್ಚು ಹೆಸರು ಅವನ ಹಗ್ಗಕ್ಕಿತ್ತು. ಹೊರೆಯ ಮೇಲೆ ಹಗ್ಗ ಎಸೆದು, ಎಳೆದು, ಕೊನೆಗೊಂದು ಗಂಟು ಹಾಕುತ್ತಿದ್ದ: ಎರಡು ಸುತ್ತು, ನಡುವೆ ಒಂದು ಕುಣಿಕೆ, ತುದಿಯನ್ನು ಹಿಂದಕ್ಕೆ ಮಡಚಿ ಒಳಗೆ ತುರುಕುವುದು. ಅದನ್ನು ಅವನೇ ಹಾಕಬೇಕು, ಅವನೇ ಬಿಚ್ಚಬೇಕು. ಬೇರೆಯವರು ಕೈ ಹಾಕಿದರೆ ಉಗುರು ಕಿತ್ತು ಬರುತ್ತಿತ್ತೇ ಹೊರತು ಗಂಟು ಸಡಿಲವಾಗುತ್ತಿರಲಿಲ್ಲ. ಬೀದಿಯವರು ಅವನಿಗೆ ಇಟ್ಟ ಹೆಸರು ಹಗ್ಗದಣ್ಣ.

ನಾವೆಲ್ಲ ಇರುವುದು ಒಂದೇ ಕಟ್ಟಡದಲ್ಲಿ. ಕೆಳಗೆ ದೊಡ್ಡ ಮಗಳ ಸಂಸಾರ, ಮೇಲೆ ಚಿಕ್ಕವಳದು. ನಾನು ಉಣ್ಣುವುದು ಕೆಳಗೆ, ಮಲಗುವುದು ಮೇಲೆ, ಹಗಲೆಲ್ಲ ಕೂರುವುದು ಮೆಟ್ಟಿಲು ತಿರುಗುವ ಕಡೆ ಹಾಕಿಕೊಂಡ ಬೆತ್ತದ ಕುರ್ಚಿಯಲ್ಲಿ. ಅಲ್ಲಿ ಕಿಟಕಿಯಿದೆ, ಬೆಳಕಿದೆ, ಬಟ್ಟೆಗೆ ಗುಂಡಿ ಹಾಕಬಹುದು. ಎರಡೂ ಮನೆಯ ಮಾತು ಅಲ್ಲಿಗೆ ಕೇಳುತ್ತದೆ. ನಾನೇನೂ ಕದ್ದು ಕೇಳುವುದಿಲ್ಲ, ಮಾತೇ ಮೆಟ್ಟಿಲು ಹತ್ತಿಕೊಂಡು ಬರುತ್ತದೆ.

ಇಬ್ಬರು ಅಳಿಯಂದಿರು ಒಂದೇ ಸೂರಿನಡಿ ಇದ್ದರೆ ಅತ್ತೆಯ ನಾಲಿಗೆಗೆ ತಕ್ಕಡಿ ಬೇಕು. ಒಬ್ಬನಿಗೆ ‘ಚೆನ್ನಾಗಿ ಮಾಡಿದೆಯಪ್ಪ’ ಎಂದರೆ ಇನ್ನೊಬ್ಬನಿಗೆ ಅದು ‘ನೀನು ಮಾಡಲಿಲ್ಲ’ ಎಂದು ಕೇಳುತ್ತದೆ. ಚಿಕ್ಕಳಿಯನಿಗೆ ಹಾಗೇನೂ ಕೇಳುತ್ತಿರಲಿಲ್ಲ ಎನ್ನಿ. ಅವನು ವೈರಿಂಗ್ ಕೆಲಸದವನು, ಮಾತು ಕಡಿಮೆ. ತಂತಿಯನ್ನಾದರೂ ಮಾತಾಡಿಸಬಹುದು, ಇವನನ್ನಲ್ಲ ಎಂದು ಚಿಕ್ಕವಳೇ ಆಡಿಕೊಳ್ಳುತ್ತಾಳೆ. ದೊಡ್ಡಳಿಯನಿಗೆ ಮಾತ್ರ ಎಲ್ಲವೂ ಕೇಳುತ್ತಿತ್ತು. ಷಡ್ಡಕನ ಮದುವೆಯ ಫೋಟೊದಲ್ಲಿ ತನ್ನ ಅರ್ಧ ಮುಖ ಬಿದ್ದಿಲ್ಲವೆಂದು ಇಂದಿಗೂ ಅವನಿಗೆ ಕೊರಗು. ಬಡಿಸುವಾಗ ಮೊದಲು ಪಕ್ಕದ ತಟ್ಟೆ ನೋಡಿ ಆಮೇಲೆ ತನ್ನದನ್ನು ನೋಡುವ ಜಾಯಮಾನ. ಆದರೂ ಆಗ ಚಿಕ್ಕವನ ಹತ್ತಿರ ಒಂದು ಸ್ಕೂಟರು, ಒಂದು ಏಣಿ ಬಿಟ್ಟರೆ ಏನೂ ಇರಲಿಲ್ಲವಾದ್ದರಿಂದ, ಆ ಹೊಟ್ಟೆಕಿಚ್ಚು ಬೆಂಕಿಪೆಟ್ಟಿಗೆಯೊಳಗಿನ ಕಡ್ಡಿಯಷ್ಟೇ ಇತ್ತು. ಗೀರುವುದಕ್ಕೆ ಏನಾದರೂ ಬೇಕಿತ್ತು.

ಅದು ಒಂದು ಬೆಳಗ್ಗೆ ತಾನಾಗಿ ಬಂತು. ದೊಡ್ಡಳಿಯ ಅಂಗಳದ ನಲ್ಲಿಯ ಹತ್ತಿರ ಕನ್ನಡಿ ತೂಗುಹಾಕಿಕೊಂಡು ಗಡ್ಡ ಹೆರೆಯುತ್ತಿದ್ದ. ಒಂದು ಕೆನ್ನೆ ಮುಗಿಸಿ ಕನ್ನಡಿ ನೋಡುತ್ತಾನೆ, ಬೆನ್ನ ಹಿಂದೆ ಬಿಳಿಯ ಪಿಕಪ್ ಒಂದು ನಿಂತಿದೆ. ಬಂದದ್ದು ಅವನಿಗೆ ಕೇಳಿಸಿಲ್ಲ. ತಿರುಗಿದ ರಭಸಕ್ಕೆ ಗಲ್ಲ ಗೀಚಿಕೊಂಡ. ಒಳಗಿಂದ ಇಳಿದವನು ಚಿಕ್ಕಳಿಯ. “ಕರೆಂಟಿಂದು ಅಣ್ಣ,” ಎಂದ, ಅಷ್ಟೇ. ದೊಡ್ಡಳಿಯ ಗಲ್ಲಕ್ಕೆ ಟವೆಲು ಒತ್ತಿಕೊಂಡು ಗಾಡಿಯನ್ನು ಒಂದು ಸುತ್ತು ಹಾಕಿದ. ಹೊಗೆ ಕೊಳವೆ ಹುಡುಕಿದ, ಇರಲಿಲ್ಲ. ಬಾನೆಟ್ ಎತ್ತಿಸಿದ, ಎಂಜಿನ್ನೂ ಇರಲಿಲ್ಲ. ಅಲ್ಲೊಂದು ಖಾಲಿ ಪೆಟ್ಟಿಗೆ, ಬೀಗ ಹಾಕುವಂಥದು.

“ಮಿದುಳಿಲ್ಲದ ತಲೆ,” ಎಂದು ತೀರ್ಪು ಕೊಟ್ಟು ಇನ್ನೊಂದು ಕೆನ್ನೆ ಹೆರೆಯದೆಯೇ ಒಳಗೆ ಹೋದ.

ಸಂಜೆ ಆ ಗಾಡಿಯನ್ನು ಗೋಡೆಯ ಪ್ಲಗ್ಗಿಗೆ ಸಿಕ್ಕಿಸಿದ್ದು ನೋಡಿ ಅದಕ್ಕೆ ಇಸ್ತ್ರಿಪೆಟ್ಟಿಗೆ ಎಂದು ನಾಮಕರಣವೂ ಆಯಿತು. ಬೀದಿಯವರು ನಕ್ಕರು. ಆದರೆ ನಗು ಒಂದು ವಾರವೂ ಬಾಳಲಿಲ್ಲ, ಇಸ್ತ್ರಿಪೆಟ್ಟಿಗೆ ಮಾಡುವ ಕೆಲಸ ಅವರ ಕಣ್ಣಿಗೆ ಬೀಳತೊಡಗಿತು. ಹಿಂಭಾಗದ ತೊಟ್ಟಿಯ ಪಕ್ಕದಲ್ಲಿ ಮನೆಯ ಗೋಡೆಯಲ್ಲಿರುವಂಥದೇ ಪ್ಲಗ್ಗುಗಳಿದ್ದವು. ಕರೆಂಟಿಲ್ಲದ ಕಡೆ ಗಾಡಿ ನಿಲ್ಲಿಸಿ, ಅದರಿಂದಲೇ ಚಿಕ್ಕಳಿಯ ಡ್ರಿಲ್ ಓಡಿಸುತ್ತಿದ್ದ, ಗರಗಸ ಓಡಿಸುತ್ತಿದ್ದ. ಬೆಸುಗೆಯವನು ಮುರಿದ ಗೇಟನ್ನು ಗೇಟಿದ್ದಲ್ಲೇ ಕೂಡಿಸಿದ. ಬೆಳಗಿನ ಜಾವ ಹೊರಟರೂ ಯಾರ ಕೂಸೂ ಎಚ್ಚರವಾಗುತ್ತಿರಲಿಲ್ಲ. ಹೊರೆಯಿದ್ದಾಗ ಏರು ಬಂದರೆ ಆನೆ ಏದುಸಿರು ಬಿಡುತ್ತಿತ್ತು, ಇದು ತುಟಿ ಪಿಟಕ್ಕೆನ್ನದೆ ಹತ್ತುತ್ತಿತ್ತು. ಹೊರೆ ಹೆಚ್ಚಾದರೆ, ಹಿಂದೆ ಇನ್ನೊಂದು ತಳ್ಳುಗಾಡಿ ಕಟ್ಟಿ ಎಳೆದರೆ, ಚಾರ್ಜು ಬೇಗ ಇಳಿಯುತ್ತದೆ ಎಂದು ಚಿಕ್ಕಳಿಯನೇ ಹೇಳಿದ. ಅದೊಂದು ಮಾತನ್ನು ದೊಡ್ಡಳಿಯ ಮಿಠಾಯಿಯ ಹಾಗೆ ದವಡೆಯಲ್ಲಿಟ್ಟುಕೊಂಡು ತಿಂಗಳುಗಟ್ಟಲೆ ಚೀಪಿದ. ಸಿಕ್ಕವರನ್ನೆಲ್ಲ ನಿಲ್ಲಿಸಿ, ದೂರದೂರಿಗೆ ಸಾಮಾನು ಒಯ್ಯಬೇಕಾದರೆ ಗೊತ್ತಾಗುತ್ತೆ ಎನ್ನುತ್ತಿದ್ದ. ಅವರು ಪಾಪ ಪಕ್ಕದ ಬೀದಿಗೆ ಮಂಚ ಒಯ್ಯಬೇಕಾದವರು.

ಅವನಿಗೆ ಹೆಚ್ಚು ಉರಿದದ್ದು ಹೊರಗಿನವರಿಂದಲ್ಲ. ಸಂತೆಯಿಂದ ಬರುವಾಗ ಮೊಟ್ಟೆ, ಟೊಮೇಟೊ, ಗಾಜಿನ ಭರಣಿ ಇಂಥವನ್ನು ಚಿಕ್ಕವಳು ಬಾನೆಟ್ಟಿನ ಪೆಟ್ಟಿಗೆಯಲ್ಲಿಟ್ಟು ತರುತ್ತಿದ್ದಳು. ಸ್ವಲ್ಪ ದಿನಕ್ಕೆ ದೊಡ್ಡವಳ ಚೀಲವೂ ಅದರಲ್ಲೇ ಬರತೊಡಗಿತು. ಅದು ಕಂಡ ದಿನ ಕೆಳಗಿನ ಮನೆಯಿಂದ ಮಾತು ಮೆಟ್ಟಿಲು ಹತ್ತಿತು.

“ನನ್ನ ಗಾಡಿ ಇರೋವಾಗ ನಿನಗೆ ಅವನ ಡಬ್ಬಿ ಬೇಕಾಯ್ತಾ?”

“ನಿಮ್ಮ ಗಾಡೀಲಿ ಬಂದ ಮೊಟ್ಟೆ ಮನೆಗೆ ಬರೋಷ್ಟರಲ್ಲಿ ಮರಿಯಾಗಿರುತ್ತೆ, ಇಲ್ಲ ಆಮ್ಲೆಟ್ ಆಗಿರುತ್ತೆ. ಬರೀ ಮೊಟ್ಟೆಯಾಗಿ ಎಂದಾದ್ರೂ ಬಂದಿದ್ಯಾ?”

ಆಮೇಲೆ ಬೇಸಿಗೆಯಲ್ಲಿ ಒಂದು ಇಡೀ ಮಧ್ಯಾಹ್ನ ಕರೆಂಟು ಹೋಯಿತು. ಚಿಕ್ಕಳಿಯ ಗಾಡಿಯಿಂದ ಒಂದು ವೈರನ್ನು ಮೇಲಕ್ಕೆ ಎಳೆದ, ಕೇಳದೆಯೇ ಇನ್ನೊಂದನ್ನು ಕೆಳಗಿನ ಮನೆಗೂ ಕೊಟ್ಟ. ಬೀದಿಯಲ್ಲಿ ನಮ್ಮ ಕಟ್ಟಡದಲ್ಲಿ ಮಾತ್ರ ಫ್ಯಾನು ತಿರುಗಿತು. ದೊಡ್ಡಳಿಯ ಎದ್ದು ಹೋಗಿ ಅಂಗಳದ ಬಿಸಿಲಲ್ಲಿ ನಿಂತಿದ್ದ ಆನೆಯ ನೆರಳಿನಲ್ಲಿ, ಬನಿಯನ್ನಿನಿಂದ ಗಾಳಿ ಹಾಕಿಕೊಳ್ಳುತ್ತ ಕೂತ. ದೊಡ್ಡವಳು ಕಿಟಕಿಯಿಂದ ಕರೆದಳು. ಆ ಗಾಳಿ ತನಗೆ ಬೇಡ ಎಂದ. “ಗಾಳಿ ಮೇಲೆ ಯಾರ ಹೆಸರಾದ್ರೂ ಬರೆದಿದ್ಯಾ?” ಎಂದಳು. ಅವನು ಬನಿಯನ್ನನ್ನು ಇನ್ನೂ ಜೋರಾಗಿ ಬೀಸಿಕೊಂಡ. ಸಂಜೆಗೆ ಬೆನ್ನ ತುಂಬ ಬೆವರುಸಾಲೆ. ನಾನೇ ಪುಡಿ ಹಚ್ಚಿದೆ. ‘ಹೊಟ್ಟೆ ಉರಿ ಬೆನ್ನಿಗೆ ಬಂತಲ್ಲಪ್ಪ’ ಎನ್ನಲು ನಾಲಿಗೆಯ ತುದಿಗೆ ಬಂದದ್ದನ್ನು ನುಂಗಿಕೊಂಡೆ. ಅಳಿಯ ಅಲ್ಲ ಮಗಳ ಗಂಡ ಎನ್ನುತ್ತಾರಲ್ಲ, ಯಾವ ಲೆಕ್ಕದಲ್ಲಿ ನೋಡಿದರೂ ನಾನು ಸುಮ್ಮನಿರಬೇಕಾದವಳೇ.

ಇಲ್ಲಿಯವರೆಗೂ ಇದು ಮನೆಯೊಳಗಿನ ತಮಾಷೆ. ತಮಾಷೆ ಮುಗಿದದ್ದು ಬೀರು-ಕಪಾಟು ಮಾಡುವ ಕಾರ್ಖಾನೆಯ ಯಜಮಾನರು ಇಬ್ಬರನ್ನೂ ಕರೆಸಿದಾಗ. ಆ ಕಾರ್ಖಾನೆಯಿಂದ ಹೊರಬೀಳುವ ಪ್ರತಿಯೊಂದು ಕಪಾಟನ್ನೂ ಮೊದಲಿನಿಂದ ಸಾಗಿಸುತ್ತಿದ್ದವನು ದೊಡ್ಡಳಿಯ. ಬೇರೆ ಕೆಲಸ ಬಂದರೂ ಬರದಿದ್ದರೂ ಕಾರ್ಖಾನೆಯ ಕೆಲಸದಿಂದ ಒಲೆ ಉರಿಯುತ್ತಿತ್ತು. ಈಗ ಯಜಮಾನರು ಕಟ್ಟಡ ಮುಗಿಯುವ ಮೊದಲೇ ಹೊಸ ಮನೆಗಳಿಗೆ ಕಪಾಟು ಜೋಡಿಸುವ ಕೆಲಸ ಹಿಡಿದಿದ್ದರು. ಅಲ್ಲಿ ಕರೆಂಟಿರುವುದಿಲ್ಲ, ಬಡಗಿಗಳು ಕೈಕಟ್ಟಿ ಕೂರಬೇಕು. ಪ್ಲಗ್ಗಿರುವ ಗಾಡಿಯ ಸುದ್ದಿ ಅವರ ಕಿವಿಗೂ ಬಿದ್ದಿತ್ತು. ಎರಡು ಗಾಡಿ ಸಾಕುವಷ್ಟು ಕೆಲಸವಿಲ್ಲ, ಸ್ವಲ್ಪ ದಿನ ಇಬ್ಬರೂ ಮಾಡಿ, ನೋಡಿ ಒಬ್ಬರಿಗೆ ಖಾಯಂ ಮಾಡುತ್ತೇನೆ ಎಂದರಂತೆ. ಚಿಕ್ಕಳಿಯ ತಲೆಯಾಡಿಸಿದ. ದೊಡ್ಡಳಿಯ ಮನೆಗೆ ಬಂದವನು ಚಪ್ಪಲಿ ಬಿಡುವುದನ್ನೂ ಮರೆತು ಒಳಗೆ ಹೋಗಿ ಕೂತ.

ಅಂದಿನಿಂದ ಅವನ ಕಿವಿಯೇ ಅವನಿಗೆ ಶತ್ರುವಾಯಿತು. ಕಾರ್ಖಾನೆಗೆ ಮೊದಲು ಹೋದವನಿಗೆ ಒಳ್ಳೆಯ ಹೊರೆ, ಹತ್ತಿರದ ಮನೆ. ಚಿಕ್ಕವನು ಯಾವಾಗ ಹೊರಟ ಎಂದು ಇವನಿಗೆ ತಿಳಿಯುತ್ತಿರಲಿಲ್ಲ. ಮೈಯೆಲ್ಲ ಕಿವಿಯಾಗಿ ಕೂತಿರುತ್ತಿದ್ದ. ಬೇಕರಿಯವನ ಗಾಡಿ ಕೇಳುತ್ತಿತ್ತು, ಪೇಪರಿನವನ ಸೈಕಲ್ಲಿನ ಚೈನು ಕೇಳುತ್ತಿತ್ತು, ಇದು ಮಾತ್ರ ಕೇಳುತ್ತಿರಲಿಲ್ಲ. ಹೊರಗೆ ಬಂದು ನೋಡಿದರೆ ಗೋಡೆಯ ಮೇಲೆ ಬರೀ ಪ್ಲಗ್ಗು, ಅಂಗಳದಲ್ಲಿ ಗಾಡಿಯಷ್ಟಗಲ ಖಾಲಿ. “ಕಳ್ಳ ಬೆಕ್ಕು,” ಎನ್ನುತ್ತಿದ್ದ. ಕಳ್ಳತನ ಇದರಲ್ಲೇನಿದೆ? ತನ್ನ ಗಾಡಿಯಲ್ಲಿ ತನ್ನ ಕೆಲಸಕ್ಕೆ ಹೋಗುತ್ತಿದ್ದ. ಆದರೆ ಹೊಟ್ಟೆಕಿಚ್ಚಿನವನಿಗೆ ಎದುರಾಳಿಯ ಸದ್ದು ಊಟದಷ್ಟೇ ಅಗತ್ಯ. ಅದಿಲ್ಲದೆ ಅವನು ನಿಜವಾಗಿಯೂ ಸೊರಗಿದ.

ಒಂದು ಮಧ್ಯಾಹ್ನ ಮೇಲಿನ ಮನೆಯಲ್ಲಿ ಎಲ್ಲರೂ ಊಟಕ್ಕೆ ಕೂತಿದ್ದರು. ನಾನು ಕುರ್ಚಿಯಲ್ಲಿದ್ದೆ. ಕೆಳಗೆ ನೋಡುತ್ತೇನೆ, ದೊಡ್ಡಳಿಯ ಬಿಳಿ ಗಾಡಿಯ ಹಿಂದೆ ಅಂಗಾತ ಮಲಗಿ ತೋಳುಗಳನ್ನು ಅದರಡಿಗೆ ಚಾಚಿದ್ದಾನೆ. ಅವನ ಹೊಟ್ಟೆಯ ಮೇಲೆ ಒಂದು ಹಿತ್ತಾಳೆ ಗಂಟೆ. ಯಾವುದೋ ಅಂಗಡಿ ಮುಚ್ಚಿದಾಗ ಸಾಮಾನು ಸಾಗಿಸಿದ್ದಕ್ಕೆ ಕೊಟ್ಟದ್ದು ಅದು, ಬಾಗಿಲು ತಳ್ಳಿದರೆ ಟಿಣ್ ಎನ್ನುವಂಥದು. ಅದನ್ನು ಕಟ್ಟಿದ, ಒಮ್ಮೆ ಬೆರಳಲ್ಲಿ ತಟ್ಟಿದ, ತನ್ನ ಸದ್ದಿಗೆ ತಾನೇ ಬೆಚ್ಚಿ ಎರಡೂ ಕೈಯಲ್ಲಿ ಮುಚ್ಚಿ ಹಿಡಿದ. ಆಮೇಲೆ ಎದ್ದು ಬೆನ್ನಿನ ಧೂಳು ಕೊಡವಿಕೊಂಡು, ಮೇಲೆ ನನ್ನ ಕಿಟಕಿಯ ಕಡೆ ನೋಡಿದ. ನಾನು ಸೂಜಿಗೆ ದಾರ ಪೋಣಿಸುತ್ತಿದ್ದೆ.

ಕಟ್ಟಿದ್ದೇನೋ ಕಟ್ಟಿದ. ಆದರೆ ಯಾವ ಗಂಟು ಹಾಕಿದ? ಅವನಿಗೆ ಬರುತ್ತಿದ್ದದ್ದು ಒಂದೇ. ಎರಡು ಸುತ್ತು, ನಡುವೆ ಕುಣಿಕೆ, ತುದಿ ಒಳಗೆ. ಅದು ಕಾಗದದ ಮೇಲೆ ಸಹಿ ಹಾಕಿದ ಹಾಗೆಯೇ.

ಮರುದಿನ ಬೆಳಗ್ಗೆ ಗಾಡಿ ಹೊರಟಾಗ ಟಿಣ್ ಟಿಣ್ ಎಂದಿತು. ಕೆಳಗಿನ ಮನೆಯಲ್ಲಿ ಚಹಾದ ಲೋಟ ಕುಕ್ಕಿದ ಸದ್ದು, ಚಪ್ಪಲಿಯ ಸದ್ದು, ಆನೆಯ ಗರ್ಜನೆ. ಮೂರು ಸದ್ದೂ ಒಂದರ ಬೆನ್ನಿಗೊಂದು. ಸಂಜೆ ಚಿಕ್ಕಳಿಯ ಗಾಡಿಯಡಿ ಬಗ್ಗಿ ನೋಡಿದ. ತುಂಬ ಹೊತ್ತು ಬಗ್ಗಿಯೇ ಇದ್ದ. ಎದ್ದಾಗ ಅವನ ಮುಖದಲ್ಲಿ ಏನೂ ಇರಲಿಲ್ಲ. ಅವನ ಮುಖವೇ ಹಾಗೆ. ಅದೇ ಹೊತ್ತಿಗೆ ಎದುರು ಮನೆಯ ದರ್ಜಿ ಬಂದು, ಇದೇನು ಗಂಟೆ ಎಂದು ಕೇಳಿದ. ಹಿಂದಿನ ವಾರವಷ್ಟೇ ದರ್ಜಿಯ ಚಿಕ್ಕ ಮಗಳು ಚೆಂಡಿನ ಹಿಂದೆ ಓಡಿ ಈ ಗಾಡಿಯ ಮುಂದೆ ಬಂದುಬಿಟ್ಟಿದ್ದಳು. ಗಾಡಿ ಬರುವುದು ಮಕ್ಕಳಿಗೆ ಕೇಳುವುದಿಲ್ಲ ಎಂದು ತಾಯಂದಿರೆಲ್ಲ ಗೊಣಗುತ್ತಿದ್ದರು.

“ಅಣ್ಣ ಕಟ್ಟಿದ್ದಾರೆ. ಮಕ್ಕಳಿಗೆ ಕೇಳಲಿ ಅಂತ,” ಎಂದ ಚಿಕ್ಕಳಿಯ.

ಅದು ಬೀದಿಯ ತುಂಬ ಹಬ್ಬಿತು. ದೊಡ್ಡಳಿಯನನ್ನು ಕಂಡವರೆಲ್ಲ, ನಿಮ್ಮಂಥ ಷಡ್ಡಕ ಇರಬೇಕು ನೋಡಿ ಎನ್ನತೊಡಗಿದರು. ದರ್ಜಿ ಅವನ ಅಂಗಿಗೆ ಪುಕ್ಕಟೆಯಾಗಿ ಕಾಲರು ತಿರುಗಿಸಿಕೊಟ್ಟ. ಬೇಕರಿಯವನಂತೂ ಬೆಕ್ಕಿಗೆ ಗಂಟೆ ಕಟ್ಟೋರು ಯಾರು ಅಂತಿದ್ರು, ನಮ್ಮ ಹಗ್ಗದಣ್ಣ ಕಟ್ಟೇಬಿಟ್ಟ ಎಂದು ಬೀದಿಯ ನಡುವೆ ನಿಂತು ಹೇಳಿದ. ಕುಂಬಳಕಾಯಿ ಕಳ್ಳನ ಹಾಗೆ ನಮ್ಮವನು ಹೆಗಲು ಮುಟ್ಟಿಕೊಂಡು ಮುಖ ತಿರುಗಿಸಿದ. ಹೊಗಳಿಕೆ ಅವನಿಗೆ ಯಾವಾಗಲೂ ಬೇಕಾದದ್ದೇ, ಆದರೆ ಇದು ಗಂಟಲಲ್ಲಿ ಸಿಕ್ಕಿಕೊಂಡಿತು. ಬಿಚ್ಚೋಣವೆಂದರೆ ಮಕ್ಕಳ ಗಂಟೆ ಬಿಚ್ಚಿದವನಾಗುತ್ತಾನೆ. ಬಿಡೋಣವೆಂದರೆ ದಿನಾ ಬೆಳಗ್ಗೆ ಅದು ಇವನನ್ನು ಎಳೆದುಕೊಂಡು ಹೋಗುತ್ತದೆ.

ಕೊನೆಗೂ ಎಳೆದುಕೊಂಡೇ ಹೋಯಿತು. ಮುಂದಿನದನ್ನು ನಾನು ಕಣ್ಣಾರೆ ಕಂಡಿಲ್ಲ. ಇಬ್ಬರಿಂದಲೂ, ಅವರ ಜೊತೆಗಿದ್ದ ಹಿರಿಯ ಬಡಗಿಯಿಂದಲೂ ಕೇಳಿ ಜೋಡಿಸಿಕೊಂಡದ್ದು. ಊರಾಚೆಯ ಹೊಸ ಕಟ್ಟಡವೊಂದಕ್ಕೆ ಅಂದು ಕಪಾಟುಗಳು ಹೋಗಬೇಕಿತ್ತು. ಯಜಮಾನರು ಅಲ್ಲೇ ಬಂದಿರುತ್ತೇನೆ, ಇವತ್ತು ನೋಡಿ ಮಾತು ಮುಗಿಸುತ್ತೇನೆ ಎಂದಿದ್ದರು. ಎರಡೂ ಗಾಡಿ ಕಾರ್ಖಾನೆಯ ಬಾಗಿಲಲ್ಲಿ ತುಂಬುತ್ತಿದ್ದವು. ಬಿಳಿ ಗಾಡಿಯಲ್ಲಿ ಚಿಕ್ಕ ಕಪಾಟುಗಳು, ಬಟ್ಟೆಯಲ್ಲಿ ಸುತ್ತಿದ ಕನ್ನಡಿಗಳು. ಆನೆಯ ಮೇಲೆ ಎಲ್ಲಕ್ಕಿಂತ ದೊಡ್ಡ ಕಪಾಟು. ದೊಡ್ಡಳಿಯ ಒಂದು ಬದಿ ಗಂಟು ಹಾಕಿ, ಹಗ್ಗವನ್ನು ಮೇಲಿಂದ ಆಚೆಗೆ ಎಸೆದು, ಸುತ್ತಿ ಬರುತ್ತಿದ್ದ. ಅಷ್ಟರಲ್ಲಿ ಟಿಣ್ ಎಂದಿತು.

ಅವನಿಗೆ ಆಮೇಲಿನದು ನೆನಪಿಲ್ಲವಂತೆ. ಕಾಲು ಓಡಿತು, ಕೈ ಕೀಲಿ ತಿರುಗಿಸಿತು. ಜೀವಮಾನದಲ್ಲಿ ಒಂದು ಗಂಟನ್ನೂ ಅರ್ಧಕ್ಕೆ ಬಿಟ್ಟವನಲ್ಲ, ಆ ದಿನ ಆಚೆ ಬದಿಯ ಹಗ್ಗ ಬಾಲದ ಹಾಗೆ ನೆಲಕ್ಕೆ ಎಳೆಯುತ್ತಿದ್ದರೂ ಅವನು ಹೊರಟಿದ್ದ. ಕಣ್ಣೆಲ್ಲ ಮುಂದಿನ ಬಿಳಿ ಗಾಡಿಯ ಮೇಲೆ. ದೊಡ್ಡ ರಸ್ತೆಗೆ ಸೇರುವ ತಿರುವಿನಲ್ಲಿ ಕಪಾಟು ವಾಲಿತು, ನಿಂತು ಯೋಚಿಸಿದ ಹಾಗೆ ಮಾಡಿತು, ಆಮೇಲೆ ರಸ್ತೆಗೆ ಮಗುಚಿತು.

ಇಳಿದು ನಿಂತ. ಒಂದು ಬದಿಯ ಹಲಗೆ ಉದ್ದಕ್ಕೂ ಸೀಳಿತ್ತು. ಹಿಂದೆ ಬಂದ ಗಾಡಿಗಳು ಹಾರ್ನು ಹೊಡೆಯುತ್ತಿದ್ದವು. ಇವನು ಹಗ್ಗದ ತುದಿಯನ್ನು ಕೈಯಲ್ಲಿ ಹಿಡಿದು, ಅದು ಯಾರದೋ ಎಂಬಂತೆ ನೋಡುತ್ತಿದ್ದನಂತೆ. ಆಗ ಎದುರಿನಿಂದ ಟಿಣ್ ಟಿಣ್ ಎನ್ನುತ್ತ ಬಿಳಿ ಗಾಡಿ ವಾಪಸು ಬಂತು.

“ನಿಂಗ್ಯಾರು ಹೇಳಿದ್ರು?” ಎಂದು ಕೇಳಿದ ದೊಡ್ಡಳಿಯ.

“ಹಿಂದೆ ನಿಮ್ಮ ಗಾಡಿ ಸದ್ದು ನಿಂತುಹೋಯ್ತು ಅಣ್ಣ. ಅದಕ್ಕೇ ತಿರುಗಿಸ್ದೆ.”

ಕಪಾಟನ್ನು ರಸ್ತೆಯ ಬದಿಗೆ ಸರಿಸಿದರು. ಚಿಕ್ಕಳಿಯ ಗಾಡಿಯ ಪ್ಲಗ್ಗಿಗೆ ವೈರು ಸಿಕ್ಕಿಸಿದ. ಹಿರಿಯ ಬಡಗಿ ಅಲ್ಲೇ ಗರಗಸ ಹಾಕಿ ಸೀಳಿದ್ದನ್ನು ಕತ್ತರಿಸಿ ತೆಗೆದ, ಜೊತೆಗೆ ತಂದಿದ್ದ ಹಲಗೆಯಿಂದ ತುಂಡು ಮಾಡಿ ಕೂಡಿಸಿದ, ಉಜ್ಜುವ ಯಂತ್ರದಿಂದ ಉಜ್ಜಿದ. ಹಲಗೆ ಅಲುಗದ ಹಾಗೆ ಹಿಡಿದುಕೊಳ್ಳುವ ಕೆಲಸ ದೊಡ್ಡಳಿಯನದು. ತಾನು ಇಸ್ತ್ರಿಪೆಟ್ಟಿಗೆ ಎಂದ ಗಾಡಿಯ ಕರೆಂಟು ಆ ಹಲಗೆಯೊಳಗಿಂದ ಜುಮುಜುಮು ಎಂದು ತನ್ನ ಅಂಗೈಗೆ ಬರುತ್ತಿತ್ತು ಎಂದು ಆಮೇಲೆ ನನ್ನ ಹತ್ತಿರ ಹೇಳಿಕೊಂಡ. ಕೂಡಿಸಿದ ಮೇಲೆ ಎರಡೂ ಬದಿಗೆ ಹಗ್ಗ ಕಟ್ಟಿದ. ಅಂಥ ಗಟ್ಟಿ ಗಂಟನ್ನು ಅವನು ಹಿಂದೆಂದೂ ಹಾಕಿರಲಿಲ್ಲವಂತೆ.

ಕಟ್ಟಡದ ಹತ್ತಿರ ಕಾಯುತ್ತಿದ್ದ ಯಜಮಾನರು, ಹಲಗೆ ಕೂಡಿಸಿದ ಜಾಗದ ಮೇಲೆ ಬೆರಳಾಡಿಸಿ ನೋಡಿ, ಏನಾಯಿತೆಂದು ಕೇಳಿದರು. ಚಿಕ್ಕಳಿಯ ತಪ್ಪನ್ನು ರಸ್ತೆಯ ಹಳ್ಳದ ಮೇಲೆ ಹಾಕಲು ಬಾಯಿ ತೆರೆದ. ಅದಕ್ಕೆ ಮೊದಲೇ ದೊಡ್ಡಳಿಯ, “ಕಟ್ಟದೇ ಹೊರಟೆ. ಬೇರೇನಿಲ್ಲ,” ಎಂದ. ಖಾಯಂ ಕೆಲಸ ಬಿಳಿ ಗಾಡಿಗಾಯಿತು.

ಸಂಜೆ ಅವನು ಒಳಗೆ ಹೋಗದೆ ನನ್ನ ಕುರ್ಚಿಯ ಕೆಳಗಿನ ಮೆಟ್ಟಿಲ ಮೇಲೆ ಕೂತ. ಸ್ವಲ್ಪ ಹೊತ್ತಿಗೆ ಚಿಕ್ಕಳಿಯನೂ ಬಂದು ಒಂದು ಮೆಟ್ಟಿಲು ಬಿಟ್ಟು ಕೂತ. ನಾನಿದ್ದೇನೆಂದು ಇಬ್ಬರಿಗೂ ಗೊತ್ತು. ಮೆಟ್ಟಿಲಿನ ಕಂಬಿಗಿಂತ ಹೆಚ್ಚಾಗಿ ಯಾರೂ ನನ್ನನ್ನು ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ.

“ಆ ಗಂಟೆ ಬಿಚ್ಚಿಬಿಡ್ತೀನಿ,” ಎಂದ ದೊಡ್ಡಳಿಯ. “ಯಾಕೆ ಕಟ್ಟಿದ್ದೆ ಗೊತ್ತಾ ನಿಂಗೆ?”

“ಗೊತ್ತು. ಆ ಗಂಟು ಇನ್ಯಾರಿಗೆ ಬರುತ್ತೆ?”

“ಮತ್ತೆ ಬೀದಿಗೆಲ್ಲ ಮಕ್ಕಳಿಗೆ ಅಂದ್ಯಲ್ಲೋ.”

“ಮಕ್ಕಳಿಗೂ ಕೇಳುತ್ತಲ್ಲ ಅಣ್ಣ.”

ಆಮೇಲೆ ಚಿಕ್ಕಳಿಯ, ನನ್ನ ಮಗಳ ಹತ್ತಿರವೂ ಆಡದಷ್ಟು ಮಾತನ್ನು ಒಂದೇ ಉಸಿರಿಗೆ ಆಡಿದ. “ನೀವು ಹೊರಟ್ರೆ ಬೀದಿಗೆಲ್ಲ ಗೊತ್ತಾಗುತ್ತೆ. ಬಾಗಿಲು ತೆಗೆದು ಬಂದು ಮಾತಾಡಿಸ್ತಾರೆ. ನಾನು ಸ್ಕೂಟರಲ್ಲಿ ಏಣಿ ಹೊತ್ಕೊಂಡು ಇಷ್ಟು ವರ್ಷ ಓಡಾಡಿದೆ, ನನ್ನ ಹೆಸರು ಹೋಗ್ಲಿ, ಅಡ್ಡಹೆಸರೂ ಯಾರೂ ಇಡ್ಲಿಲ್ಲ. ಈ ಗಾಡಿ ತಗೊಂಡಿದ್ದೇ ನಿಮ್ಮನ್ನ ನೋಡಿ ಹೊಟ್ಟೆ ಉರ್ಕೊಂಡು. ನಿಮ್ಮದಕ್ಕಿಂತ ಚೆನ್ನಾಗಿರೋದೇ ಬೇಕು ಅಂತ.”

ದೊಡ್ಡಳಿಯ ಕತ್ತು ತಿರುಗಿಸಿ ಅವನನ್ನು ಮೊದಲ ಸಲ ನೋಡುವ ಹಾಗೆ ನೋಡಿದ. “ನನ್ನ ಮೇಲಾ?”

“ಮತ್ತಿನ್ಯಾರ ಮೇಲೆ?”

ಕೆಲಸ ಕಳೆದುಕೊಂಡ ದಿನ ಅದು. ಆದರೂ ಸುಳ್ಳೇಕೆ ಹೇಳಲಿ, ಅವನ ಮುಖಕ್ಕೆ ಕಳೆ ಬಂತು. ತನ್ನ ಮೇಲೂ ಒಬ್ಬನಿಗೆ ಹೊಟ್ಟೆಕಿಚ್ಚಿದೆ ಎಂದು ತಿಳಿಯುವುದು ಅವನಂಥವನಿಗೆ ಎಂಥ ಔಷಧಿ ಎಂದು ನಾನು ಅಂದು ಕಂಡೆ. ಹೊರೆ ಕಟ್ಟಲು ನೀವೇ ಬರಬೇಕು, ಬಂದ ಕೂಲಿಯಲ್ಲಿ ಪಾಲು, ನಾನು ಹೊರೆಗೆ ಬಿಗಿಯುವ ಪಟ್ಟಿಗಳು ಸಡಿಲವಾಗುತ್ತವೆ, ಈ ಗಾಡಿ ಹೊರಡುವಾಗ ಒಮ್ಮೆಗೇ ಎಳೆಯುತ್ತದೆ ಎಂದು ಚಿಕ್ಕಳಿಯ ಕೇಳಿಕೊಂಡ. ದೊಡ್ಡಳಿಯ ಗತ್ತಿನಿಂದ, ಯೋಚನೆ ಮಾಡಿ ಹೇಳುತ್ತೇನೆ ಎಂದ. ಅಂದು ತನ್ನ ತಟ್ಟೆಯನ್ನಷ್ಟೇ ನೋಡಿಕೊಂಡು ಹೊಟ್ಟೆ ತುಂಬ ಉಂಡ. ಗಂಟೆಯನ್ನು ಬಿಚ್ಚಲಿಲ್ಲ.

ಈಗ ಅವನು ಬಿಳಿ ಗಾಡಿಯಲ್ಲಿ ಪಕ್ಕದ ಸೀಟಿನಲ್ಲಿ ಕೂತು ಹೋಗುತ್ತಾನೆ. ದೂರದೂರಿನ ಹೊರೆ ಬಂದರೆ ಆನೆ ಇನ್ನೂ ಎದ್ದು ಕಿಟಕಿ ನಡುಗಿಸುತ್ತದೆ. ಹೊಟ್ಟೆಕಿಚ್ಚು ಹೋಯಿತೇ ಎಂದು ಕೇಳಬೇಡಿ, ಅದು ಮನೆ ಬದಲಾಯಿಸಿತು. ಮೊದಲು ಆ ಗಾಡಿಯ ಮೇಲಿತ್ತು, ಈಗ ಆ ಗಾಡಿಯನ್ನು ಮುಟ್ಟಿದವರ ಮೇಲೆ. ಬಡಗಿಗಳು ತಾವೇ ಹಗ್ಗ ಕಟ್ಟಿದರೆ ಇಡೀ ದಿನ ಮಾತು ಬಿಡುತ್ತಾನೆ. ಚಿಕ್ಕವಳು ಬಾನೆಟ್ಟಿನಲ್ಲಿ ಈರುಳ್ಳಿ ಸಿಪ್ಪೆ ಬಿಟ್ಟಿದ್ದಕ್ಕೆ ಅವಳೂ ಬೈಸಿಕೊಂಡದ್ದಾಯಿತು.

ಮೊನ್ನೆ ಬೇಕರಿಯವನು ತಾನೂ ಅಂಥದೇ ಒಂದು ಗಾಡಿ ತಂದ. ಇನ್ನೂ ಹೊಸ ತರಹದ್ದು, ಕೆಂಪು ಬಣ್ಣ. ಷಡ್ಡಕರಿಬ್ಬರೂ ಗೇಟಿನ ಕಂಬಿ ಹಿಡಿದು, ಅದು ಸದ್ದಿಲ್ಲದೆ ಬೀದಿಯ ತಿರುವಿಗೆ ಹೋಗುವವರೆಗೂ ನೋಡಿದರು. ಇಬ್ಬರ ಮುಖವೂ ಒಂದೇ ಅಚ್ಚಿನಲ್ಲಿ ಹೊಯ್ದ ಹಾಗಿತ್ತು. ಕೊನೆಗೆ ದೊಡ್ಡಳಿಯ ಉಸಿರುಬಿಟ್ಟ.

“ಅದಕ್ಕೆ ಗಂಟೆಯೇ ಇಲ್ವಲ್ಲೋ,” ಎಂದ.

“ಅದೇ ಮತ್ತೆ,” ಎಂದ ಚಿಕ್ಕಳಿಯ.